ನಂಬರು ಬಿದ್ದ ಕರಿಕಲ್ಲು

೧೯೯೯ನೆಯ ಇಸವಿ, ಫೆಬ್ರವರಿ ೨೧, ಭಾನುವಾರ. ಆಧಾರ: ನನ್ನ ಕ್ಷೇತ್ರಕಾರ್ಯದ ಹದಿನಾಲ್ಕನೆಯ ಟಿಪ್ಪಣಿ ಪುಸ್ತಕ, ಒಂಬತ್ತರಿಂದ ಹದಿಮೂರನೆಯವರೆಗಿನ ಪುಟಗಳು. ವಾರವನ್ನು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಅದು ಶಿವರಾತ್ರಿ ಕಳೆದ ಮುಂದಿನ ಭಾನುವಾರ. ಪುಸ್ತಕದ ಬರಹ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ನಡೆದದ್ದಕ್ಕೆ ಬಹುಕಾಲ ನಾನು ನೆಚ್ಚಿಕೊಂಡದ್ದು ನೆನಪನ್ನು ಮಾತ್ರ.

ಆಗ ನಾನು ಮೈಸೂರಿನ ಒಂದು ಸಂಶೋಧನಾಲಯದಲ್ಲಿದ್ದೆ. ನೆಲದಿಂದ ಎದ್ದ ಮಡಕೆ ಚೂರು, ಮೂಳೆ, ಕಲ್ಲಿನ ಆಯುಧಗಳ ಕಾಲವನ್ನು ನಿರ್ಣಯಿಸುವುದು, ಅವುಗಳಿಗೆ ಅಂಕ ಹಾಕಿ ಕಪಾಟಿನಲ್ಲಿ ಜೋಡಿಸುವುದು ನನ್ನ ಕೆಲಸ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಪಕ್ಕದ ವಿಭಾಗದಲ್ಲಿ ಒಬ್ಬ ಭೂವಿಜ್ಞಾನಿ ಮಿತ್ರನಿದ್ದ. ನಾನು ಸಾವಿರ ವರ್ಷಗಳಲ್ಲಿ ಮಾತನಾಡಿದರೆ ಅವನು ಕೋಟಿ ವರ್ಷಗಳಲ್ಲಿ ಮಾತನಾಡುತ್ತಿದ್ದ. "ನಿನ್ನ ಮೂರು ಸಾವಿರ ವರ್ಷ ಅಂದ್ರೆ ನನ್ನ ಲೆಕ್ಕದಲ್ಲಿ ಇವತ್ತು ಬೆಳಗಿನ ಕಾಫಿ ಕಣಯ್ಯ, ಲೋಟ ಇನ್ನೂ ಬಿಸಿ ಇದೆ," ಎಂದು ಹಂಗಿಸುವನು. ಈ ಹಂಗಿಸುವಿಕೆ ಬೆಳೆದು ಬೆಳೆದು ಕೊನೆಗೊಂದು ಒಪ್ಪಂದವಾಯಿತು. ಒಂದೇ ದಿನದಲ್ಲಿ, ಬೆಳಿಗ್ಗೆ ಅವನು ತನ್ನ ಜ್ವಾಲಾಮುಖಿಯನ್ನು ನನಗೆ ತೋರಿಸಬೇಕು. ಮಧ್ಯಾಹ್ನ ನಾನು ಈ ಸೀಮೆಯ ಅತ್ಯಂತ ಹಳೆಯ ಊರನ್ನು ಅವನಿಗೆ ತೋರಿಸಬೇಕು.

ಮೈಸೂರು ಜಿಲ್ಲೆಯಲ್ಲಿ ಜ್ವಾಲಾಮುಖಿಯೇ ಎಂದು ನಾನು ನಕ್ಕಿದ್ದೆ. ಅವನು ಮಾತ್ರ ನಗಲಿಲ್ಲ. ಅವನ ಹಳೆಯ ಕಾರಿನಲ್ಲಿ ಆರೂವರೆಗೆ ಹೊರಟು, ತಾಂಡವಪುರದಲ್ಲಿ ಇಡ್ಲಿ ತಿಂದು, ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿ, ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಕವಲಂದೆಯ ಆಚೆಗಿನ ಒಂದು ಹುರುಳಿ ಹೊಲದ ಬದುವಿನಲ್ಲಿ ಇಳಿದೆವು. ಹೊಲದ ಒಡೆಯ ಅಲ್ಲೇ ಕಾದಿದ್ದರು. ಅರವತ್ತು ದಾಟಿದ ರೈತ. ತಲೆಗೆ ಟವೆಲ್ಲು, ಕೈಯಲ್ಲೊಂದು ಕುಡುಗೋಲು. ಮಿತ್ರ ಹಿಂದೆ ಎರಡು ಸಲ ಬಂದಿದ್ದರಿಂದ ಅವರಿಗೆ ಅವನ ಪರಿಚಯವಿತ್ತು.

"ಬನ್ನಿ ಸಾ, ಇತ್ಲಾಗ್ ಬನ್ನಿ. ಮುಳ್ಳದೆ, ನೋಡ್ಕಂಡು ಕಾಲಿಡಿ. ಇವ್ರೂ ಕಲ್ಲು ಕುಟ್ಟೋರೇಯಾ?"

"ಇವರು ಮಡಕೆ ಜೋಡಿಸೋರು," ಎಂದ ಮಿತ್ರ.

"ಅದೂ ಒಂದ್ ಕಸುಬೇ ಬುಡಿ," ಎಂದು ಅವರು ಸಮಾಧಾನ ಹೇಳಿದರು.

ಹೊಲದ ನಡುವೆ ಒಂದು ಕರಿಯ ಗೋಡೆ ಎದ್ದಿತ್ತು. ದೂರದಿಂದ ನೋಡಿದವರು ಯಾರೋ ಕಟ್ಟಿ ಅರ್ಧಕ್ಕೆ ಬಿಟ್ಟ ಕೋಟೆ ಎಂದುಕೊಳ್ಳಬೇಕು. ಎರಡು ಆಳೆತ್ತರ, ನಾಲ್ಕು ಮಾರು ಅಗಲ. ಉದ್ದ ಮಾತ್ರ ಕಣ್ಣಿಗೆ ಸಿಗುವಷ್ಟಲ್ಲ. ಸುತ್ತಲಿನ ನಸುಗೆಂಪು ಬಂಡೆಯನ್ನು ಸೀಳಿಕೊಂಡು, ಹೊಲಗಳನ್ನೂ ಹಳ್ಳವನ್ನೂ ದಾಟಿ, ದಾರ ಹಿಡಿದು ಎಳೆದಂತೆ ನೇರವಾಗಿ ಸಾಗಿತ್ತು. ಭೂವಿಜ್ಞಾನದವರು ಇದನ್ನು ಡೈಕ್ ಎನ್ನುತ್ತಾರೆ. ನೆಲದ ಆಳದಲ್ಲಿ ಕರಗಿ ಕುದಿಯುತ್ತಿದ್ದ ಶಿಲಾರಸ ಬಿರುಕು ಸಿಕ್ಕಲ್ಲಿ ಮೇಲಕ್ಕೆ ನುಗ್ಗಿ ಅಲ್ಲೇ ಹೆಪ್ಪುಗಟ್ಟಿದ್ದು. ಆಮೇಲೆ ಮೇಲಿನ ನೆಲವೆಲ್ಲ ಮಳೆ ಗಾಳಿಗೆ ಸವೆದುಹೋಗಿ ಇದೊಂದು ಗಟ್ಟಿಯಾಗಿ ಉಳಿದದ್ದು.

"ಇದರ ಬಾಯಿ ಎಲ್ಲಿ?" ಎಂದು ನಾನು ಕೇಳಿದೆ. ಜ್ವಾಲಾಮುಖಿ ಎಂದರೆ ನನಗೆ ಹೊಗೆಯಾಡುವ ಬೆಟ್ಟವೇ.

"ಬಾಯಿ ಇದ್ದಿದ್ದರೆ ಅದು ಸವೆದುಹೋಗಿ ನೂರಾರು ಕೋಟಿ ವರ್ಷ ಆಯ್ತು. ಈಗ ನೀನು ನಿಂತಿರೋದು ಗಂಟಲಿನಲ್ಲಿ. ಗಂಟಲು ಕಾಣ್ತಾ ಇದೆ, ಬಾಯಿ ಹುಡುಕ್ತೀಯಲ್ಲ."

ಅವನ ಮಾತು ತಮಾಷೆಯಾಗಿರಲಿಲ್ಲ. ಗೋಡೆಯ ಅಂಚಿಗೆ ನನ್ನನ್ನು ಕರೆದೊಯ್ದು, ಕರಿಯ ಕಲ್ಲು ಕೆಂಪು ಬಂಡೆಗೆ ತಗಲಿದ ಗೆರೆಯ ಮೇಲೆ ನನ್ನ ಬೆರಳನ್ನಿಟ್ಟ. ಅಲ್ಲಿ ಒಂದು ಗೇಣು ಅಗಲ ಕಲ್ಲು ಗಾಜಿನಷ್ಟು ನಯವಾಗಿತ್ತು. ಬೆಂಕಿ ತಣ್ಣನೆಯ ಬಂಡೆಯನ್ನು ಮುಟ್ಟಿದ ತಕ್ಷಣ ಗಕ್ಕನೆ ಆರಿಹೋದ ಜಾಗ ಅದು. ಆ ಒಂದು ಕ್ಷಣ, ಅಳೆಯಲು ನನ್ನಲ್ಲಿ ಯಾವ ಉಪಕರಣವೂ ಇಲ್ಲದಷ್ಟು ಹಿಂದಿನ ಕ್ಷಣ, ನನ್ನ ಬೆರಳಿನ ಕೆಳಗೆ ಹಾಗೆಯೇ ನಿಂತಿತ್ತು. ಬೆಳಗಿನ ಬಿಸಿಲಿನಲ್ಲೂ ಅದು ತಂಪಾಗಿತ್ತು. ಟಿಪ್ಪಣಿ ಪುಸ್ತಕದಲ್ಲಿ ಆ ಹೊತ್ತಿನ ಸಾಲು ಹೀಗಿದೆ: 'ಸಂಪರ್ಕರೇಖೆ ಸ್ಪಷ್ಟ.' ಮೂವತ್ತು ವರ್ಷ ಬೆರಗನ್ನು ಬರಹದಲ್ಲಿ ಇಳಿಸದೇ ಇರಲು ಅಭ್ಯಾಸ ಮಾಡಿದವನ ಸಾಲು.

"ಇಲ್ಲಿ ನೋಡಿ ಸಾ," ಎಂದು ರೈತರು ಒಂದು ಗುಂಡನ್ನು ಕುಡುಗೋಲಿನ ಹಿಡಿಯಿಂದ ತಟ್ಟಿದರು. ಕಂಚು ತಟ್ಟಿದ ಹಾಗೆ ನಾದವೆದ್ದಿತು. "ದನ ಮೇಯ್ಸಕ್ ಬಂದಾಗ ನಾವು ಇದ್ನೇ ಬಡಿತಿದ್ದೋ. ಮಳೆಗಾಲ್ದಲ್ಲಿ ಇದ್ರ ದನೀನೇ ಬ್ಯಾರೆ. ಈ ತಗ್ಗು ನೋಡುದ್ರಾ? ಭೀಮ ಮಂಡಿ ಊರುದ್ದು ಅಂತಾರೆ."

ಆ ತಗ್ಗು ಭೀಮನ ಮಂಡಿಯದಾಗಿರಲಿಲ್ಲ. ಅದು ನನ್ನ ಶಾಸ್ತ್ರಕ್ಕೆ ಸೇರಿದ್ದು. ಬಂಡೆಯ ಸಮತಟ್ಟು ಮೈಯ ಮೇಲೆ ದೋಣಿಯಾಕಾರದ ಐದು ಉಜ್ಜು ಗುರುತುಗಳಿದ್ದವು. ನೀರು ಮರಳು ಹಾಕಿ ಕಲ್ಲಿನ ಕೊಡಲಿಯನ್ನು ಮಸೆದು ಮಸೆದು ಆದ ತಗ್ಗುಗಳು. ನಾನು ಮಂಡಿಯೂರಿ ಕುಳಿತು ಒಂದರೊಳಗೆ ಅಂಗೈ ಇಟ್ಟೆ. ಮಸೆಯುತ್ತಿದ್ದವನು ಅಥವಾ ಮಸೆಯುತ್ತಿದ್ದವಳು ಎಲ್ಲಿ ಕುಳಿತಿರಬೇಕೋ ಅಲ್ಲೇ ನಾನು ಕುಳಿತಿದ್ದೆ. ಬೇರೆಡೆ ಕುಳಿತರೆ ಕೈ ಹೊಂದುತ್ತಿರಲಿಲ್ಲ. ಮಿತ್ರನೂ ಬಾಗಿ ನೋಡಿದ. ಅವನ ಬೆಂಕಿಯ ಕಲ್ಲಿನ ಮೇಲೆ ನನ್ನ ಮನುಷ್ಯರು ಬಂದು ಕುಳಿತುಬಿಟ್ಟಿದ್ದರು.

ಅಲ್ಲಿ ಬಿದ್ದಿದ್ದ ಆರು ಚಕ್ಕೆಗಳನ್ನು ಆಯ್ದುಕೊಂಡೆವು. ನಮ್ಮ ಕಸುಬಿನ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಸಿಕ್ಕಿದ ವಸ್ತುವಿಗೆ ಸಿಕ್ಕಿದ ಜಾಗದಲ್ಲೇ ಅಂಕ ಬೀಳಬೇಕು. ಅಂಕವಿಲ್ಲದ ಚೂರು ಅನಾಥ. ನನ್ನ ಜೇಬಿನಲ್ಲಿ ಯಾವಾಗಲೂ ಬಿಳಿ ಶಾಯಿಯ ಸೀಸೆ, ಕೂದಲೆಳೆಯ ಕುಂಚ, ಮೇಲೆ ಬಳಿಯಲು ಬಣ್ಣವಿಲ್ಲದ ವಾರ್ನಿಷು ಇರುತ್ತಿದ್ದವು. ಕವಲಂದೆಯ 'ಕ' ಎಂದು ಹಾಕಿ, ಚಕ್ಕೆಗಳ ಹಿಂಬದಿಗೆ ಕ-೧ರಿಂದ ಕ-೬ರವರೆಗೆ ಬರೆದೆ.

ನಾನು ಬರೆಯುವುದನ್ನು ನೋಡುತ್ತಿದ್ದ ರೈತರು, "ಇಂಗೇ ಮಸ್ದಿರೋ ಕಲ್ಲು ನಮ್ಮಕ್ಕುನ್ ತವ ಒಂದದೆ ಸಾ. ಇಂಗೇ ಕರ್ರಗೆ. ಒಳ್ಳೆ ಕನ್ನಡಿ ಇದ್ದಂಗದೆ," ಎಂದರು. ಅವರ ಅಕ್ಕನನ್ನು ಕೊಟ್ಟದ್ದು ತಿರುಮಕೂಡಲು ನರಸೀಪುರದ ಹೊಳೆಯ ಆಚೆ ದಂಡೆಯ ಹಳ್ಳಿಗೆ. ನಾವು ಮಧ್ಯಾಹ್ನ ಹೋಗಬೇಕಿದ್ದದ್ದೂ ಆ ದಂಡೆಗೇ. ನಮ್ಮಿಬ್ಬರ ಮುಖ ನೋಡಿ ಅವರು ಟವೆಲ್ಲು ಕೊಡವಿದರು. "ಅಕ್ಕುನ್ ಮಕ ನೋಡಿ ತಿಂಗ್ಳಾಯ್ತು. ಕಾರಲ್ಲಿ ಜಾಗ ಇದ್ರೆ ನಾನೂ ಬತ್ತೀನಿ."

ನರಸೀಪುರ ಮುಟ್ಟಿದಾಗ ಹನ್ನೆರಡು ದಾಟಿತ್ತು. ಕಾರನ್ನು ಊರಿನಲ್ಲಿ ಬಿಟ್ಟು, ಕಪಿಲೆ ಬಂದು ಕಾವೇರಿಯನ್ನು ಸೇರುವ ಕಡೆಯಿಂದ ಹರಿಗೋಲಿನಲ್ಲಿ ದಾಟಿದೆವು. ಹೊಳೆ ಇಳಿದಿತ್ತು, ಮರಳು ಹೊಳೆಯುತ್ತಿತ್ತು. ಎದುರು ದಂಡೆಯಲ್ಲಿ ನಾನು ತೋರಿಸಬೇಕಿದ್ದ ಊರಿತ್ತು, ಅಂದರೆ ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ೧೯೬೦ರ ದಶಕದಲ್ಲಿ ಅಗೆದ ಗುಂಡಿಗಳು ಮುಚ್ಚಿಹೋಗಿ ಅವುಗಳ ಮೇಲೆ ಕಬ್ಬು ಬೆಳೆದಿತ್ತು. ಮಿತ್ರ ಸುತ್ತ ನೋಡಿ, "ಎಲ್ಲಯ್ಯ ನಿನ್ನ ಊರು?" ಎಂದ. ಈಗ ಅವನ ಸರದಿ.

ನಾನು ಅವನನ್ನು ಹೊಳೆ ಕೊರೆದ ದಂಡೆಯ ಬುಡಕ್ಕೆ ಇಳಿಸಿದೆ. ಮಣ್ಣಿನ ಕಡಿದಾದ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಬೂದು ಬಣ್ಣದ ಪಟ್ಟಿ, ಎರಡು ಬೆರಳು ದಪ್ಪ, ಸುಮಾರು ಒಂದು ಮೊರದಷ್ಟು ಅಗಲ. ಪಕ್ಕದಲ್ಲಿ ಸುಟ್ಟು ಕೆಂಪಾದ ಮಣ್ಣು, ಬೂದು ಮಡಕೆಯ ಒಂದು ಅಂಚು. ಅದೊಂದು ಒಲೆ. ಇಲ್ಲಿ ಸಿಕ್ಕ ಇದ್ದಿಲಿನ ಪರೀಕ್ಷೆಗಳು ಮೂರೂವರೆ ಸಾವಿರ ವರ್ಷಗಳ ಆಸುಪಾಸಿನ ಕಾಲವನ್ನು ಹೇಳುತ್ತವೆ. ಮಿತ್ರ ಅದರೆದುರು ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತ. ಬೆಳಿಗ್ಗೆ ಕೋಟಿಗಳಲ್ಲಿ ಮಾತನಾಡಿದ್ದವನು ಈಗ ಬೂದಿಯ ಪಟ್ಟಿಗೆ ಉಸಿರು ತಾಗೀತೆಂಬಂತೆ ಮುಖ ಓರೆ ಮಾಡಿ, "ಇವತ್ತು ಆರಿಸಿದ ಹಾಗಿದೆ," ಎಂದ. ಕಾಫಿ ಲೋಟದ ಮಾತು ಇಬ್ಬರಿಗೂ ನೆನಪಾಗಿರಬೇಕು.

ರೈತರ ಅಕ್ಕನ ಮನೆ ಅಲ್ಲಿಂದ ಕೂಗಳತೆ. ಹೆಂಚಿನ ಮನೆ, ಮುಂದೆ ಚಪ್ಪರ. ಎಪ್ಪತ್ತರ ಹೆಂಗಸು, ನೆಟ್ಟಗೆ ನಿಲ್ಲುವ ಮೈಕಟ್ಟು. ಆಕೆ ಆ ಸುತ್ತಿನ ಸೂಲಗಿತ್ತಿ.

"ತಿಂಗ್ಳಿಗೊಂದ್ಸಲ ಮಕ ತೋರ್ಸು ಅಂದ್ರೆ ಕಾರು ಬೇಕಾಯ್ತೇನ್ಲಾ ನಿಂಗೆ?" ಎಂದು ತಮ್ಮನನ್ನು ಗದರಿ, ನಮ್ಮತ್ತ ತಿರುಗಿದರು. "ಇವ್ರ್ಯಾರು? ಓಟಿನ್ ಪಟ್ಟಿಯೋರಾ?"

"ಅಲ್ಲ ಕಣಕ್ಕ, ಕಲ್ಲು ಓದೋರು."

"ಅಕ್ಸರ ಓದೋರ್ನ ಕಂಡಿವ್ನಿ. ಕಲ್ಲು ಓದೋರ್ನ ಇವತ್ತೇ ಕಂಡಿದ್ದು. ಕೂತ್ಕಳಿ ಸಾ, ಮಜ್ಗೆ ಕುಡೀರಿ."

ಒಳಗೆ ಬುದ್ಧನ ಪಟದ ಕೆಳಗೆ ಗೂಡಿನಲ್ಲಿ ಆ ಕಲ್ಲಿತ್ತು. ಅರಿಸಿನ ಕುಂಕುಮ ಹಚ್ಚಿ ಎಲೆಯ ಮೇಲಿಟ್ಟಿದ್ದರು. ನವಶಿಲಾಯುಗದ ಕೊಡಲಿ, ಅಂಗೈಯುದ್ದ, ಅಂಚು ಒಂದಿಷ್ಟೂ ಮುಕ್ಕಾಗಿರಲಿಲ್ಲ. ಕಪಾಟಿನಲ್ಲಿ ಅಂಥವನ್ನು ನಾನು ಬಹಳ ನೋಡಿದ್ದೆ. ಇಷ್ಟು ಪೂರ್ಣವಾದದ್ದನ್ನು ನೋಡಿರಲಿಲ್ಲ. ಅವರ ಅತ್ತೆಯ ಕಾಲದಲ್ಲಿ ಹೊಳೆದಂಡೆಯ ಹೊಲ ಉಳುವಾಗ ಸಿಕ್ಕಿದ್ದಂತೆ. ಸಿಡಿಲು ಬಡಿದಲ್ಲಿ ಇಂಥ ಕಲ್ಲು ನೆಲಕ್ಕಿಳಿಯುತ್ತದೆ ಎಂಬುದು ಇಲ್ಲಿನವರ ನಂಬಿಕೆ. ಹೆರಿಗೆಯ ನೋವು ಬಂದಾಗ ಅದನ್ನು ತೊಳೆದ ನೀರನ್ನು ಬಸುರಿಗೆ ಕುಡಿಸಿ, ಕೂಸು ಬರುವವರೆಗೆ ಸೂಲಗಿತ್ತಿ ಕಲ್ಲನ್ನು ಎಡಗೈಯಲ್ಲಿ ಹಿಡಿದಿರಬೇಕು.

"ಎಷ್ಟು ಹೆರಿಗೆ ಮಾಡಿಸಿದ್ದೀರಿ?" ಎಂದೆ.

"ಎಣ್ಸಬಾರ್ದು ಸಾ, ದೃಷ್ಟಿಯಾಯ್ತದೆ."

ಬಾಗಿಲ ಬಳಿ ಅವರ ಸೊಸೆ ಗೋಡೆಗೊರಗಿ ನಿಂತಿದ್ದಳು, ತುಂಬು ಬಸುರಿ. ಅತ್ತೆ ಅವಳನ್ನು ಗದ್ದದಿಂದಲೇ ತೋರಿಸಿ, "ಇವ್ಳುದು ಇವತ್ತೋ ನಾಳೆಯೋ. ಮೊದಲ್ನೇದು. ಅದ್ಕೇ ಬೆಳಿಗ್ಗೇನೇ ತೊಳ್ದು ಇಟ್ಟಿವ್ನಿ," ಎಂದರು.

ಮಿತ್ರ ಕಲ್ಲನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಜೇಬಿನ ಮಸೂರದಲ್ಲಿ ನೋಡಿದ. ನಮ್ಮ ಚಕ್ಕೆಯೊಂದನ್ನು ಪಕ್ಕದಲ್ಲಿಟ್ಟು ಮತ್ತೆ ನೋಡಿದ. "ಪ್ರಮಾಣ ಮಾಡಲಾರೆ. ಆದರೆ ಕಣ್ಣಿಗೆ ಒಂದೇ ಕಲ್ಲು," ಎಂದ. ಹೊಳೆದಂಡೆಯಲ್ಲಿ ಇಂಥ ಕಲ್ಲಿಲ್ಲ. ಹಾಗಿದ್ದರೆ ಇದು ಕವಲಂದೆಯ ಆ ಗೋಡೆಯಲ್ಲೇ ಹುಟ್ಟಿ, ಅಲ್ಲೇ ಮಸೆಸಿಕೊಂಡು, ಯಾರದೋ ಕೈಯಲ್ಲಿ ದಿನವಿಡೀ ನಡೆದು ಈ ದಂಡೆಗೆ ಬಂದಿರಬೇಕು. ನಾವು ಅಂದು ಬಂದ ದಾರಿಯಲ್ಲೇ. ರೈತರು ಅಕ್ಕನಿಗೆ ಇದನ್ನು ತಮ್ಮ ಮಾತಿನಲ್ಲಿ ತಿಳಿಸಿದರು.

ಆಕೆ ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದರು. "ಅಂಗಾರೆ ಇದೂ ನಮ್ಮೂರ್ ಮಗ್ಳೇ. ನಾನ್ ಬಂದಂಗೇ ಇದೂ ಇಲ್ಲಿಗ್ ಬಂದದೆ."

ನನ್ನ ಕಾಲಗಣನೆಯ ಯಾವ ವಾಕ್ಯವೂ ಅಷ್ಟನ್ನು ಅಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ಮಿತ್ರ ಕಲ್ಲನ್ನು ನನ್ನ ಕೈಗಿಟ್ಟು ಆಕೆಯೊಡನೆ ಮಾತಿಗೆ ಕುಳಿತ. ಟಿಪ್ಪಣಿ ಪುಸ್ತಕ ತೆಗೆದು ಕೊಡಲಿಯ ಉದ್ದ ಅಗಲ ಬರೆದೆ. ಸಮಯ ಮೂರು ಹತ್ತು. ಆಮೇಲೆ ನಾನು ಮಾಡಿದ್ದು ನನ್ನ ಗಮನಕ್ಕೇ ಬರಲಿಲ್ಲ. ತೂಕಡಿಸುವ ನೇಕಾರನ ಕೈಯಲ್ಲೂ ಲಾಳಿ ಓಡುತ್ತದಂತೆ. ಕಲ್ಲನ್ನು ಮಗುಚಿ, ಕರವಸ್ತ್ರದಿಂದ ಅರಿಸಿನ ಒರೆಸಿ, ಕುಂಚದಲ್ಲಿ ಕ-೭ ಎಂದು ಬರೆದು, ವಾರ್ನಿಷು ಬಳಿದು, ಊದಿ ಆರಿಸಿದೆ.

ಮೊದಲು ಕಂಡವಳು ಸೊಸೆ. "ಅತ್ತೇ..." ಎಂದಳು, ಅಷ್ಟೇ.

ಆಕೆ ಬಂದು ನೋಡಿದರು. ಓದು ಬಾರದಿದ್ದರೂ ಅದೇನೆಂಬುದು ಅವರಿಗೆ ತಿಳಿಯಿತು. ಅವರು ಕೂಗಾಡಲಿಲ್ಲ. "ನಂಬರ್ ಆಕ್ಬುಟ್ರಲ್ಲ ಸಾ," ಎಂದರು. "ರಸ್ತೆ ಪಕ್ದಲ್ಲಿ ನಮ್ ಗೋಣಿಮರ್ಕೆ ಇಂಗೇ ಬಿಳೀ ನಂಬರ್ ಆಕುದ್ರು. ಎಂಟು ದಿಸ್ವೂ ನಿಲ್ಲಿಲ್ಲ, ಕುಯ್ದಾಕುದ್ರು. ನಂಬರ್ ಬಿದ್ದುದ್ದು ನಮ್ದಾಗಿ ಉಳಿದದಾ?"

ರೈತರು ತಲೆ ತಗ್ಗಿಸಿಕೊಂಡರು. "ಅಕ್ಕ, ಅವ್ರು ಬೇಕೂಂತ ಮಾಡಿಲ್ಲ ಕಣಕ್ಕ."

"ಬೇಕೂಂತ ಮಾಡಿದ್ರೆ ಬೈಬೋದಿತ್ತು ಕಣ್ಲಾ. ಈಗ ಇವ್ಳ್‌ಗೆ ನೋವು ಬಂದ್ರೆ ಯಾವ್ದ ಇಡ್ಕಳ್ಲಿ? ಸರ್ಕಾರದ್ ಕಲ್ಲ ಇಡ್ಕಳ್ಲಾ?"

ಇದರ ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ. ನಾನು ನಾಚಿಕೆಯಿಂದ ಬೆವೆತು ಮನೆಯ ಚಿಮಣಿ ದೀಪದ ಸೀಮೆಎಣ್ಣೆಯನ್ನು ಬೇಡಿ ಪಡೆದೆ. ಅರ್ಧ ಗಂಟೆ ಬಟ್ಟೆಯಿಂದ ತಿಕ್ಕಿದೆ. ಅಂಕ ಮಾಸುತ್ತ ಮಾಸುತ್ತ ಕೊನೆಗೆ ಹೋಯಿತು. ಆಕೆ ಕಲ್ಲನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸಿ, ಹೊಳೆಗೆ ಇಳಿದು ಮೂರು ಸಲ ಮುಳುಗಿಸಿ, ಸೆರಗಿನಲ್ಲಿ ಒರೆಸಿ ಗೂಡಿಗೆ ಇಟ್ಟರು. "ಓಗ್ ಬನ್ನಿ ಸಾ. ಇನ್ ಮ್ಯಾಕೆ ಕಂಡಿದ್ಕೆಲ್ಲ ನಂಬರ್ ಆಕ್ಬ್ಯಾಡಿ," ಎಂದು ನಕ್ಕರು. ಹರಿಗೋಲಿನಲ್ಲಿ ಮರಳುವಾಗ ಇಳಿಬಿಸಿಲಿಗೆ ಎರಡು ಹೊಳೆಗಳ ನೀರೂ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಎರಡರ ನಡುವಿನ ಗೆರೆ ಕರಿಕಲ್ಲಿನ ಸಂಪರ್ಕರೇಖೆಯಷ್ಟೇ ಸ್ಪಷ್ಟವಾಗಿ ಕಂಡಿತು. ನನ್ನ ಕೈಯಲ್ಲಿ ಏನೂ ಇರಲಿಲ್ಲ, ಹಾಗಿರುವುದು ಹಗುರವೆನಿಸಿತ್ತು.

ಈ ಪ್ರಸಂಗವನ್ನು ಆಮೇಲೆ ಅನೇಕ ಕೂಟಗಳಲ್ಲಿ ಹೇಳಿದ್ದೇನೆ. ಕಿರಿಯ ಸಂಶೋಧಕರಿಗೆ ಎಚ್ಚರಿಕೆಯೆಂದೂ, ನನ್ನ ತಪ್ಪನ್ನು ನಾನೇ ತಿದ್ದಿಕೊಂಡ ಸಮಾಧಾನಕ್ಕೆಂದೂ.

೨೦೦೭ರ ಜೂನ್ ೧೦, ಭಾನುವಾರ (ಆಧಾರ: ಇಪ್ಪತ್ತೆರಡನೆಯ ಪುಸ್ತಕ). ನಿವೃತ್ತನಾಗಿ ಆರು ವರ್ಷವಾಗಿತ್ತು. ಒಬ್ಬನೇ ಆ ದಂಡೆಗೆ ಹೋದೆ. ಸೂಲಗಿತ್ತಿ ಬಾಗಿದ್ದರು, ಆದರೆ ಗುರುತು ಹಿಡಿದರು. "ನಂಬರ್ ಸಾ ಬಂದ್ರು!" ಎಂದು ಒಳಗೆ ಕೂಗಿದರು. ಕಲ್ಲು ಅದೇ ಗೂಡಿನಲ್ಲಿತ್ತು. ಹೆರಿಗೆಗೆ ಈಗ ಎಲ್ಲರೂ ಆಸ್ಪತ್ರೆಗೆ ಹೋಗುತ್ತಾರೆಂದರು. ಆದರೂ ನೀರು ಕೇಳಲು ಬರುವವರಿದ್ದಾರೆ. ಅಂದಿನ ಬಸುರಿಯ ಮಗಳನ್ನು ತೋರಿಸಿದರು, ಎಂಟು ವರ್ಷದವಳು.

"ನೀವು ಅವತ್ತೇ ಅಳಿಸ್ ಕೊಟ್ಟೋದ್ರಲ್ಲ ಸಾ, ಮಾರ್ನೇ ದಿಸ್ವೇ ಇವ್ಳು ಉಟ್ಟುದ್ಲು. ಕಾಲು ಮುಂದಾಗಿತ್ತು. ನಾನು ಎದರಿದ್ದೆ. ಕಲ್ಲು ಕೈಲಿತ್ತು, ಅದ್ಕೇ ಕೈ ನಡುಗ್ಲಿಲ್ಲ."

ಶಾಲೆಗೆಂದು ಮಾಡಿಸಿದ ಜನನ ಪತ್ರವನ್ನು ಸೊಸೆ ತಂದು ತೋರಿಸಿದಳು. ರೂಢಿಯಂತೆ ತಾರೀಖನ್ನು ಬರೆದುಕೊಂಡೆ: ೨೨-೨-೧೯೯೯. ಸೋಮವಾರ. ಆಕೆಯ ನೆನಪೂ ನನ್ನ ನೆನಪೂ ಪತ್ರವೂ ಒಂದಕ್ಕೊಂದು ಹೊಂದಿದವು. ಮೂರು ಆಧಾರಗಳು ಕೂಡಿದರೆ ನಮ್ಮ ಶಾಸ್ತ್ರದಲ್ಲಿ ಅದನ್ನು ನಿರ್ಣಯ ಎನ್ನುತ್ತೇವೆ.

೨೦೦೯ರ ಮಾರ್ಚ್ ೪, ಬುಧವಾರ. ಈ ಬರಹಕ್ಕಾಗಿ ಆರು ಚಕ್ಕೆಗಳನ್ನು ಮತ್ತೊಮ್ಮೆ ನೋಡಬೇಕೆನಿಸಿ ಹಳೆಯ ಸಂಶೋಧನಾಲಯಕ್ಕೆ ಹೋಗಿ, ಒಳಬಂದ ವಸ್ತುಗಳನ್ನೆಲ್ಲ ದಾಖಲಿಸುವ ಆಗಮ ರಿಜಿಸ್ಟರನ್ನು ತೆಗೆಸಿದೆ. ಕ-೧ರಿಂದ ಕ-೬ ಸರಿಯಾಗಿದ್ದವು. ಅವುಗಳ ಕೆಳಗೆ ಇನ್ನೊಂದು ಸಾಲಿತ್ತು. ಅಕ್ಷರ ನನ್ನದೇ.

'ಕ-೭. ಮಸೆದ ಕೊಡಲಿ, ಕರಿಕಲ್ಲು. ಬಂದದ್ದು ೨೧-೨-೯೯. ಸಂಗ್ರಹಕ್ಕಲ್ಲ, ಅಂಕ ಅಳಿಸುವ ಸಲುವಾಗಿ ತಂದದ್ದು. ಕಪಾಟು ೨, ಖಾನೆ ೩. ಹಿಂತಿರುಗಿಸಿದ್ದು ೨೪-೨-೯೯.'

ಪಕ್ಕದಲ್ಲಿ ಒಂದು ರಸೀದಿ ಅಂಟಿಸಿತ್ತು: 'ಕಲ್ಲು ಮುಟ್ಟಿದೆ.' ಅದರ ಕೆಳಗೆ ಎಡಗೈ ಹೆಬ್ಬೆರಳಿನ ನೀಲಿ ಗುರುತು, ತಾರೀಖು ೨೪, ಸಾಕ್ಷಿಯಾಗಿ ಮಿತ್ರನ ಸಹಿ. ಈಗ ಬೇರೆ ಊರಿನಲ್ಲಿರುವ ಅವನಿಗೆ ಅಂದೇ ಫೋನು ಮಾಡಿದೆ. "ಸಹಿ ನನ್ನದೇ ಇರಬಹುದು. ಆದರೆ ಅವತ್ತೇ ಕೊಟ್ಟೆವಲ್ಲಯ್ಯ, ನೀನು ಸೀಮೆಎಣ್ಣೆ ಹಾಕಿ ತಿಕ್ಕಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ," ಎಂದ. ಅವನ ಕಣ್ಣಿಗೆ ಕಟ್ಟಿದ್ದು ಅಂದು ಕಂಡದ್ದೋ, ನಾನು ಹತ್ತು ವರ್ಷ ಹೇಳಿ ಹೇಳಿ ಕಟ್ಟಿದ್ದೋ, ಕೇಳಲಿಲ್ಲ.

ಮನೆಗೆ ಬಂದು ನದಿಯ ಬೆಣಚುಕಲ್ಲೊಂದಕ್ಕೆ ಅದೇ ಶಾಯಿಯಲ್ಲಿ ಅಂಕ ಬರೆದು, ಅದೇ ವಾರ್ನಿಷು ಬಳಿದು, ಆರಲು ಬಿಟ್ಟು, ಸೀಮೆಎಣ್ಣೆಯಿಂದ ಒಂದು ಗಂಟೆ ತಿಕ್ಕಿದೆ. ಹೋಗಲಿಲ್ಲ. ಆ ವಾರ್ನಿಷು ಸೀಮೆಎಣ್ಣೆಗೆ ಕರಗುವುದಿಲ್ಲ. ಪ್ರಯೋಗಾಲಯದ ದ್ರಾವಕವೇ ಬೇಕು. ಇದು ಮೂವತ್ತು ವರ್ಷ ಅದನ್ನು ಬಳಸಿದ ನನಗೆ ಎಂದೂ ತಿಳಿದೇ ಇದ್ದ ಸಂಗತಿ.

ಸೂಲಗಿತ್ತಿಗೆ ನಾನು ಇದನ್ನು ತಿಳಿಸಿಲ್ಲ, ತಿಳಿಸುವುದೂ ಇಲ್ಲ. ಕಾಲು ಮುಂದಾಗಿ ಬಂದ ಕೂಸನ್ನು ನಡುಗದೆ ಹಿಡಿದ ಕೈಯಲ್ಲಿ ಆ ದಿನ ಏನಿತ್ತು ಎಂಬುದನ್ನು ಆಕೆ ನನಗೆ ಹೇಳಿದ್ದಾರೆ. ಅದನ್ನು ಮೇಲೆ ಅವರ ಮಾತಿನಲ್ಲೇ ಕೊಟ್ಟಿದ್ದೇನೆ. ರಿಜಿಸ್ಟರಿನ ಪ್ರಕಾರ, ೧೯೯೯ರ ಫೆಬ್ರವರಿ ೨೨ರ ಸೋಮವಾರ ಕ-೭ ಇದ್ದದ್ದು ಮೈಸೂರಿನಲ್ಲಿ, ಎರಡನೆಯ ಕಪಾಟಿನ ಮೂರನೆಯ ಖಾನೆಯಲ್ಲಿ.